ಲಕೋಟೆಯಲ್ಲಿದ್ದ ನಡೆ

1932ನೆಯ ಇಸವಿ ಅಕ್ಟೋಬರ್ 6, ಗುರುವಾರ, ಮಧ್ಯಾಹ್ನ ಒಂದು ಗಂಟೆ ಐವತ್ತೆಂಟು ನಿಮಿಷಕ್ಕೆ ಆರ್ಮಿನ್ ರುಸ್ನಾಕ್ ತನ್ನ ನಲವತ್ತಮೂರನೆಯ ನಡೆಯನ್ನು ಚೀಟಿಯ ಮೇಲೆ ಬರೆದ. ಎರಡು ಗಂಟೆಗೆ ಚದುರಂಗ ಪಂದ್ಯದ ಬೆಳಗಿನ ಆಟ ನಿಲ್ಲಬೇಕು. ನಿಲ್ಲುವಾಗ ಯಾರ ಸರದಿ ಇರುತ್ತದೋ ಅವನು ಹಲಗೆಯ ಮೇಲೆ ಕಾಯಿ ಮುಟ್ಟದೆ, ತನ್ನ ನಡೆಯನ್ನು ಎದುರಾಳಿಗೆ ಕಾಣದಂತೆ ಬರೆದು ಲಕೋಟೆಗೆ ಹಾಕಿ ಪಂಚರಿಗೆ ಕೊಡಬೇಕು; ಸಂಜೆ ನಾಲ್ಕೂವರೆಗೆ ಪಂಚರು ಅದನ್ನು ಒಡೆದು, ಆ ನಡೆಯನ್ನು ತಾವೇ ಆಡಿ, ಗಡಿಯಾರ ಒತ್ತುತ್ತಾರೆ. ಪಂದ್ಯಗಳನ್ನು ಆಡುತ್ತ ಬಂದ ಈ ಹದಿನೆಂಟು ವರ್ಷಗಳಲ್ಲಿ ರುಸ್ನಾಕ್ ಇಂಥ ಚೀಟಿಗಳನ್ನು ಇನ್ನೂರಕ್ಕಿಂತ ಹೆಚ್ಚು ಬರೆದಿದ್ದ. ಎಡಗೈಯನ್ನು ಗೋಡೆಯಂತೆ ಅಡ್ಡ ಹಿಡಿದು, ಬಲಗೈಯಲ್ಲಿ ಪೆನ್ಸಿಲು ಒತ್ತಿ ಬರೆದು, ಮಡಚಿ, ಲಕೋಟೆಯ ಅಂಟನ್ನು ನಾಲಗೆಗೆ ತಾಗಿಸಿದಾಗ ಸಿಹಿಯೂ ಅಲ್ಲದ ಕಹಿಯೂ ಅಲ್ಲದ ಅದೇ ಹಳೆಯ ರುಚಿ. ಪಂಚರಾದ ಡಾಕ್ಟರ್ ಮೆರೇನ್ಯಿ, ರೇಖಾಗಣಿತದ ನಿವೃತ್ತ ಮೇಷ್ಟರು, ಲಕೋಟೆಯ ಮೇಲೆ ಇಬ್ಬರ ಗಡಿಯಾರದ ಕಾಲ ಗುರುತು ಹಾಕಿಕೊಂಡು ಅದನ್ನು ಒಳಜೇಬಿಗೆ ಇಳಿಸಿದರು. ಅವರ ಬೆರಳು ಜೇಬಿನಿಂದ ಹೊರಬಂದ ಕ್ಷಣದಲ್ಲೇ ರುಸ್ನಾಕ್‌ಗೆ ತಾನು ಏನು ಬರೆದೆ ಎನ್ನುವುದು ತಿಳಿಯಿತು. ಬರೆಯುವಾಗ ತಿಳಿದಿರಲಿಲ್ಲ ಎಂದಲ್ಲ. ಆದರೆ ಬಿಸಿಗೆ ಬೆರಳು ತಾಗಿದ್ದಕ್ಕೂ ಅದು ಉರಿದದ್ದಕ್ಕೂ ನಡುವೆ ಇರುವಂಥ ಒಂದು ಸಣ್ಣ ತಡ ಇಲ್ಲಿಯೂ ಇತ್ತು.

ಆನೆಯನ್ನು ಏಳನೆಯ ಸಾಲಿಗೆ ಏರಿಸಬೇಕಿತ್ತು. ಹಾಗೆ ಏರಿಸಿದರೆ ಎಡ ಅಂಚಿನ ಕಾಲಾಳು ಹೋಗುತ್ತದೆ, ಹೋಗಲಿ. ಎದುರಾಳಿಯ ರಾಜ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ, ಉಳಿದದ್ದು ಎಣಿಕೆ. ಇಪ್ಪತ್ತು ನಿಮಿಷದಿಂದ ಅವನು ಅದನ್ನೇ ಎಣಿಸುತ್ತಿದ್ದ. ಅಲ್ಲಿಂದ ಒಂಬತ್ತನೆಯ ನಡೆಯ ಹೊತ್ತಿಗೆ ಎದುರಾಳಿ ಬದಿಯಿಂದ ರಾಜನಿಗೆ ಒಂದು ಚೆಕ್ ಕೊಡಬಹುದಿತ್ತು, ಆ ಚೆಕ್‌ನ ಆಚೆಗೆ ಅವನ ಕಣ್ಣು ಹೋಗಲಿಲ್ಲ. ಅಲ್ಲಿ ಮಂಜು. ಮಂಜಿನ ಆಚೆ ಏನೂ ಇರಲಾರದು ಎಂದು ನಲವತ್ತೊಂದರ ವಯಸ್ಸಿನ ಅನುಭವ ಹೇಳುತ್ತಿತ್ತು, ಕೈ ಮಾತ್ರ ರಾಜನನ್ನು ಒಂದು ಮನೆ ಹಿಂದಕ್ಕೆ ಎಂದು ಬರೆದುಬಿಟ್ಟಿತ್ತು. ಕೆಟ್ಟ ನಡೆಯಲ್ಲ. ಯಾರೂ ನಗುವಂಥದಲ್ಲ. ಮಳೆ ಬರುತ್ತದೇನೋ ಎಂದು ಕೊಡೆ ತೆಗೆದುಕೊಂಡು ಹೊರಟ ಗುಮಾಸ್ತನ ನಡೆ. ಗೆಲ್ಲುವ ಆಟವನ್ನು ಅದು ಕೈಬಿಡುತ್ತದೆ, ಅಷ್ಟೆ, ಸೋಲುವುದಿಲ್ಲ. ಮೇಜಿನಿಂದ ಏಳುವಾಗ ಎದುರಿಗಿದ್ದ ಲಿಪೋಟ್ ಹವಾಶ್ ಕೆಮ್ಮುತ್ತ, ಕರವಸ್ತ್ರದ ಮೇಲಿನಿಂದ ಅವನನ್ನು ನೋಡಿ ಕಣ್ಣು ಮಿಟುಕಿಸಿದ. "ಊಟ ಮಾಡು ಹೋಗು, ಆರ್ಮಿನ್. ಮುಖ ನೋಡಿದ್ರೆ ಸೋತಿರೋನು ನೀನೇ ಅನ್ಬೇಕು."

ಹದಿನಾರು ಮಂದಿ, ಹದಿನೈದು ಸುತ್ತು, ಇದು ಕೊನೆಯದು. ರೀಗಾದಿಂದ ಬಂದ ಒಜೋಲ್ಸ್ ಎಂಬ ಇಪ್ಪತ್ತನಾಲ್ಕರ ತರುಣ ಬೆಳಿಗ್ಗೆ ಹನ್ನೊಂದೂವರೆಗೇ ತನ್ನ ಆಟ ಮುಗಿಸಿ ಹನ್ನೊಂದೂವರೆ ಅಂಕದಲ್ಲಿ ಕುಳಿತಿದ್ದ. ರುಸ್ನಾಕ್‌ನ ಬಳಿ ಹನ್ನೊಂದು. ಹವಾಶ್‌ನನ್ನು ಗೆದ್ದರೆ ಹನ್ನೆರಡು, ಮೊದಲನೆಯವನು. ಸಮ ಮಾಡಿಕೊಂಡರೆ ಅವನದೂ ಹನ್ನೊಂದೂವರೆ, ಆಗ ಅವರಿಬ್ಬರ ನಡುವಿನ ಆಟದಲ್ಲಿ ಯಾರು ಗೆದ್ದಿದ್ದರು ಎಂದು ನೋಡುತ್ತಾರೆ. ನಾಲ್ಕನೆಯ ಸುತ್ತಿನಲ್ಲಿ ಗೆದ್ದವನು ಒಜೋಲ್ಸ್. ಎರಡನೆಯ ಸ್ಥಾನವೆಂದರೇನು ಎನ್ನುವುದನ್ನು ರುಸ್ನಾಕ್‌ಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಏಳು ಸಲ ಅವನು ಎರಡನೆಯವನಾಗಿದ್ದ, ಸಮುದ್ರದ ದಂಡೆಯ ಊರಿನಲ್ಲಿ, ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ, ಒಮ್ಮೆ ಒಂದು ಬಿಯರ್ ಕಾರ್ಖಾನೆಯ ನೂರನೆಯ ವರ್ಷದ ಉತ್ಸವದಲ್ಲಿ. ಮೊದಲನೆಯವನ ಜೊತೆ ಚಿತ್ರ ತೆಗೆಸಿಕೊಳ್ಳುವಾಗ ಎರಡನೆಯವನು ಎಲ್ಲಿ ಕೈ ಇಟ್ಟುಕೊಳ್ಳಬೇಕು ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು: ಬೆನ್ನ ಹಿಂದೆ. ಈ ಸಲ ಬುಡಾಪೆಸ್ಟ್, ತನ್ನ ಊರು. ಈ ಸಲ ಎರಡನೆಯವನಾಗಬಾರದು ಎಂದು ಅವನು ಸೆಪ್ಟೆಂಬರಿನಲ್ಲಿ ಸಿಗರೇಟು ಬಿಟ್ಟಿದ್ದ, ಅಕ್ಕನ ಮನೆಯ ಮೂರನೆಯ ಮಹಡಿಯನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದಿದ್ದ, ಎದುರಾಳಿಗಳ ಆಟಗಳನ್ನು ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿ ಓದಿದ್ದ. ಬಣ್ಣದ ಪೆನ್ಸಿಲು ಒಂಬತ್ತನೆಯ ನಡೆಯ ಮಂಜಿನ ಬಗ್ಗೆ ಏನೂ ಹೇಳಿರಲಿಲ್ಲ.

ಕೆಳಗಿನ ಕಾಫಿ ಅಂಗಡಿಯ ಗೋಡೆಯ ಮೇಲೆ ಪಂಚರ ಸಹಿಯಿದ್ದ ಸೂಚನೆ ಅಂಟಿಸಿತ್ತು: ನಿಂತ ಆಟದ ಬಗ್ಗೆ ಆಟಗಾರರು ಯಾರೊಡನೆಯೂ ಚರ್ಚಿಸಕೂಡದು. ಸರಿಯಾಗಿ ಅದರ ಕೆಳಗಿನ ಮೇಜಿನಲ್ಲಿ ದೆಜೋ ಫೆಲೆಕಿ ಜೇಬಿನ ಹಲಗೆ ಬಿಚ್ಚಿಟ್ಟುಕೊಂಡು ಅದೇ ಆಟವನ್ನು ಜೋಡಿಸಿದ್ದ. ಸುತ್ತ ಆರೇಳು ಜನ. ಫೆಲೆಕಿ ಸಂಜೆ ಪತ್ರಿಕೆಯ ಚದುರಂಗದ ಅಂಕಣಕಾರ, ರುಸ್ನಾಕ್‌ನ ಹಳೆಯ ಗೆಳೆಯ, ತಾನೇ ಆಡಿದರೆ ಮೂವತ್ತು ನಡೆಯಲ್ಲಿ ಸೋಲುವವನು, ಬೇರೆಯವರ ಆಟದಲ್ಲಿ ಯಾವತ್ತೂ ಸೋತವನಲ್ಲ.

"ಬಂದ ನೋಡ್ರಪ್ಪಾ ಮೊದಲನೆಯವನು! ಜಾಗ ಬಿಡ್ರಿ, ಜಾಗ ಬಿಡ್ರಿ," ಎಂದು ಕುರ್ಚಿ ಎಳೆದ. "ನಾವು ಕೇಳಲ್ಲ. ಕೇಳೋದು ತಪ್ಪು. ನೀನು ಹೇಳೋದೂ ತಪ್ಪು. ಸುಮ್ಮನೆ ಸೂಪು ಕುಡೀತಾ ನೋಡು. ಆನೆ ಏಳಕ್ಕೆ, ಅವನು ಕಾಲಾಳು ತಿಂದ, ನಿನ್ನ ರಾಜ ಬಂದ, ಬಂದ, ಬಂದ… ಇಲ್ಲಿ ಮುದುಕ ಹವಾಶ್ ಬದಿಯಿಂದ ಚೆಕ್ ಕೊಡ್ತಾನೆ. ಎಲ್ಲಾರಿಗೂ ಇಲ್ಲಿ ಎದೆ ಡವಡವ. ಆದ್ರೆ ನೋಡು, ರಾಜ ಹಿಂದೆ ಹೋಗಲ್ಲ, ಮುಂದೆ ಹೋಗ್ತಾನೆ. ಮುಗೀತು! ಒಂದು ಮನೆ ಅಷ್ಟೇ. ಒಂದೇ ಮನೆ!"

ಒಂದೇ ಮನೆ. ಮಂಜಿನಾಚೆ ಇದ್ದದ್ದು ಇಷ್ಟೇ. ಮೂವತ್ತು ನಡೆಗೆ ಸೋಲುವವನ ದಪ್ಪ ಬೆರಳು, ಉಗುರಿನ ಕೆಳಗೆ ಅಚ್ಚಿನ ಮಸಿ, ಆ ಮನೆಯ ಮೇಲೆ ಟಕ್ ಟಕ್ ಎಂದು ಬಡಿಯುತ್ತಿತ್ತು. ರುಸ್ನಾಕ್ ಸೂಪಿಗೆ ಚಮಚ ಇಳಿಸಿದ. ಮೇಲೆ ತೇಲುತ್ತಿದ್ದ ಕೆಂಪು ಎಣ್ಣೆಯ ಚಿಕ್ಕ ಚಿಕ್ಕ ವೃತ್ತಗಳು ಚಮಚ ತಾಗಿದಾಗ ಒಂದಕ್ಕೊಂದು ಸೇರಿಕೊಂಡು ದೊಡ್ಡವಾದವು. ಅವನು ಅವುಗಳನ್ನು ಬೇರೆ ಮಾಡಲು ನೋಡಿದ, ಆಗಲಿಲ್ಲ. ಬೇರೆ ಆಟಗಾರನಾಗಿದ್ದರೆ ಈಗ ನಕ್ಕು ಹೇಳಿಬಿಡುತ್ತಿದ್ದ, ಇಲ್ಲ ಮಾರಾಯ, ನಾನು ಹೆದರಿ ರಾಜನನ್ನು ಹಿಂದಿಟ್ಟೆ, ಎಂದು. ಒಂದು ವಾಕ್ಯ. ಆ ವಾಕ್ಯವನ್ನು ಅವನು ಬಾಯೊಳಗೆ ಎರಡು ಸಲ ಕಟ್ಟಿದ. ಯಾರೋ ಬೆನ್ನು ತಟ್ಟಿದರು. ಯಾರೋ ಇನ್ನೊಬ್ಬರು ಅವನ ಲೆಕ್ಕಕ್ಕೆ ಬ್ರಾಂಡಿ ತರಿಸಿದರು. ಅವನು ಮುಗುಳ್ನಕ್ಕ. ಆ ನಗೆಯನ್ನು ಅವರು ಒಪ್ಪಿಗೆ ಎಂದುಕೊಂಡರು, ಅವನಿಗೂ ಅದು ಗೊತ್ತಿತ್ತು, ಆದರೂ ನಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇದಕ್ಕೆ ಮುಂಚೆ ಒಂದು ಸಲ ಹೀಗೆ ನಕ್ಕಿದ್ದ. ತಾಂತ್ರಿಕ ವಿದ್ಯಾಲಯದ ನೆಲಮಾಳಿಗೆಯ ಪ್ರಯೋಗಶಾಲೆ, ಹತ್ತೊಂಬತ್ತು ವರ್ಷದ ಹುಡುಗ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ. ಬೆಳ್ಳಿಯ ಲವಣದ ತೂಕ ಸೊನ್ನೆ ಪಾಯಿಂಟ್ ನಾಲ್ಕು ಒಂದು ಎಂಟು ಗ್ರಾಂ ಬರಬೇಕು. ತಕ್ಕಡಿ ನಾಲ್ಕು ಸೊನ್ನೆ ಒಂಬತ್ತು ತೋರಿಸುತ್ತಿತ್ತು. ಎಲ್ಲೋ ಸೋಸುವಾಗ ಸ್ವಲ್ಪ ಚೆಲ್ಲಿತ್ತು. ಅವನು ಪುಸ್ತಕದಲ್ಲಿ ಬರಬೇಕಾದ ತೂಕವನ್ನೇ ಬರೆದ. ಪ್ರೊಫೆಸರರು ಆ ಪುಟವನ್ನು ಎಲ್ಲರ ಮುಂದೆ ಎತ್ತಿ ಹಿಡಿದು, ಪಳಗಿದ ಕೈ ಎಂದರೆ ಇದು ಎಂದರು. ಕೈ. ಆ ದಿನ ಸಂಜೆಯೇ ಅವನು ಮೊದಲ ಸಲ ಈ ಕಾಫಿ ಅಂಗಡಿಗೆ ಬಂದದ್ದು, ಇಲ್ಲಿ ಹವಾಶ್ ಎಂಬ ಗಡ್ಡದವನು ತನ್ನ ಮಂತ್ರಿಯನ್ನು ಹಲಗೆಯಿಂದ ತೆಗೆದಿಟ್ಟು, ಮಂತ್ರಿಯಿಲ್ಲದೆ ಎಲ್ಲರನ್ನೂ ಸೋಲಿಸುತ್ತಿದ್ದುದನ್ನು ನೋಡಿದ್ದು. ಇಲ್ಲಿ ಸುಳ್ಳು ಬರೆಯುವಂತಿಲ್ಲ ಎಂದು ಆ ಹುಡುಗನಿಗೆ ಅನ್ನಿಸಿತ್ತು. ಕಾಯಿ ಎಲ್ಲಿದೆಯೋ ಅಲ್ಲಿದೆ. ಎರಡು ವರ್ಷಕ್ಕೆ ವಿದ್ಯಾಲಯ ಬಿಟ್ಟ. ಅಪ್ಪ ಕೇಳಿದಾಗ ಕಾರಣ ಹೇಳಲಿಲ್ಲ, ಕೊನೆಯವರೆಗೂ ಹೇಳಲಿಲ್ಲ.

ಮೂರು ಗಂಟೆ ಇಪ್ಪತ್ತಕ್ಕೆ ಹವಾಶ್ ಬಂದ. ಓವರ್‌ಕೋಟು ಹಾಕಿಕೊಂಡಿದ್ದ, ಕೈಯಲ್ಲಿ ಹಗ್ಗ ಸುತ್ತಿದ ರಟ್ಟಿನ ಪೆಟ್ಟಿಗೆ. ಐವತ್ತೇಳು ವರ್ಷ, ಗಡ್ಡ ಬೆಳ್ಳಗಾಗಿತ್ತು, ಈ ಪಂದ್ಯದಲ್ಲಿ ಹದಿನಾಲ್ಕನೆಯ ಸ್ಥಾನ. ಮೇಜಿನ ಸುತ್ತ ನಿಂತವರು ದಾರಿ ಬಿಟ್ಟರು. ಅವನು ಫೆಲೆಕಿಯ ಹಲಗೆಯನ್ನು ಮೇಲಿನಿಂದ ಒಂದು ಸಲ ನೋಡಿದ, ಒಂದೇ ಸಲ, ತಲೆಯಾಡಿಸಿದ.

"ಅದೇ. ನಾನೂ ಹಾಸಿಗೆ ಮೇಲೆ ಬಿದ್ಕೊಂಡು ನೋಡ್ದೆ. ಕೊನೇಲಿ ಆ ಒಂದು ಮನೆ. ಚೆಂದ ಇದೆ." ಆಮೇಲೆ ಟೋಪಿ ತೆಗೆದು ರುಸ್ನಾಕ್‌ಗೆ ಕೈ ಚಾಚಿದ. "ಬಿಟ್ಟುಕೊಟ್ಟೆ, ಆರ್ಮಿನ್. ಲಕೋಟೆ ಒಡೆಸೋದು ಬೇಡ. ಐದೂ ಹತ್ತಕ್ಕೆ ಸೆಗೆಡ್ ರೈಲಿದೆ. ಮಗಳಿಗೆ ನೋವು ಶುರುವಾಗಿದೆಯಂತೆ, ಬೆಳಿಗ್ಗೆ ತಂತಿ ಬಂತು. ಮಗು ಅಡ್ಡ ತಿರುಗಿದೆ ಅಂತಾಳೆ ಸೂಲಗಿತ್ತಿ. ನಾನು ಹೋಗಿ ಮಾಡೋದೇನೂ ಇಲ್ಲ. ಆದ್ರೂ ಬಾಗಿಲ ಹೊರಗೆ ಒಬ್ಬ ಗಂಡಸು ನಿಂತಿರ್ಬೇಕಲ್ಲ, ಬೈಸಿಕೊಳ್ಳೋಕೆ."

ಕೆಲವರು ನಕ್ಕರು. ಆಟ ಮುಂದುವರಿಯುವ ಮೊದಲೇ ಬಿಟ್ಟುಕೊಡುವುದು ಹೊಸದಲ್ಲ, ತಪ್ಪಲ್ಲ. ದೊಡ್ಡ ಆಟಗಾರರ ಮರ್ಯಾದೆಯೇ ಅದು. ಲಕೋಟೆ ಒಡೆಯದೆ ಹಾಗೇ ಒಲೆಗೆ ಹೋಗುತ್ತದೆ. ಅದರಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ, ಕೇಳುವುದು ಅಸಭ್ಯತೆ. ಚಾಚಿದ ಕೈ ಮೇಜಿನ ಮೇಲೆ, ಸೂಪಿನ ಬಟ್ಟಲಿಗಿಂತ ಒಂದು ಗೇಣು ಎತ್ತರದಲ್ಲಿ ನಿಂತಿತ್ತು. ಅದನ್ನು ಹಿಡಿದರೆ ಹನ್ನೆರಡು ಅಂಕ. ನಾಳೆ ಫೆಲೆಕಿ ತನ್ನ ಅಂಕಣದಲ್ಲಿ ಆನೆಯ ನಡೆಯನ್ನು ಅಚ್ಚು ಹಾಕುತ್ತಾನೆ, ಪಕ್ಕದಲ್ಲಿ ಎರಡು ಆಶ್ಚರ್ಯಸೂಚಕ ಚಿಹ್ನೆ ಇಡುತ್ತಾನೆ, ರುಸ್ನಾಕ್‌ನ ನಲವತ್ತಮೂರನೆಯ ನಡೆ ಎಂದು ಹೆಸರಾಗುತ್ತದೆ, ಮುಂದೆ ಯಾವುದೋ ಊರಿನಲ್ಲಿ ಯಾರೋ ಹುಡುಗ ಅದನ್ನು ಬಾಯಿಪಾಠ ಮಾಡುತ್ತಾನೆ. ಯಾವ ನಿಯಮವೂ ಮುರಿಯುವುದಿಲ್ಲ. ರುಸ್ನಾಕ್ ಆ ಕೈಯನ್ನು ನೋಡುತ್ತಿದ್ದ. ಹೆಬ್ಬೆರಳಿನ ಬುಡದಲ್ಲಿ ಒಂದು ಹಳೆಯ ಸುಟ್ಟ ಕಲೆ. ಇಪ್ಪತ್ತೆರಡು ವರ್ಷ ಎದುರಿಗೆ ಕೂತರೂ ಅದನ್ನು ಅವನು ಈಗಲೇ ಕಂಡದ್ದು. ಐದು ವರ್ಷದ ಹಿಂದೆ ಈ ಮುದುಕನ ಸನ್ಮಾನದ ಪುಸ್ತಕಕ್ಕೆ ರುಸ್ನಾಕ್ ಮುನ್ನುಡಿ ಬರೆದುಕೊಟ್ಟಿದ್ದ, ನಾಲ್ಕು ಪುಟ, ತುಂಬ ಗೌರವದಿಂದ. ಹವಾಶ್ ಅದನ್ನು ಓದಿ, 'ನಾನು ಸತ್ತಿದ್ದು ಯಾವಾಗ ಅಂತ ದಿನಾಂಕ ಹಾಕೋದು ಮರ್ತಿದ್ದೀಯ,' ಎಂದು ಮೂರು ತಿಂಗಳು ಮಾತು ಬಿಟ್ಟಿದ್ದ.

"ಬೇಡ ಮಾಮ," ಎಂದ ರುಸ್ನಾಕ್. "ಮೇಲೆ ಬಾ. ಲಕೋಟೆ ಒಡೀಲಿ."

"ಯಾಕೆ?"

"ಒಡೀಲಿ."

ಹವಾಶ್‌ನ ಕೈ ಇನ್ನೂ ಅಲ್ಲೇ ಇತ್ತು. ಆಮೇಲೆ ಅದು ನಿಧಾನವಾಗಿ ಹಿಂದಕ್ಕೆ ಹೋಗಿ ಕೋಟಿನ ಗುಂಡಿಯನ್ನು ಹುಡುಕಿತು. "ಓಹೋ. ಜನ ಸೇರ್ಬೇಕಾ? ನಾನು ರಾಜನ್ನ ಮಲಗಿಸೋದನ್ನ ನೂರು ಜನ ನೋಡ್ಬೇಕು. ನಿನಗೆ ಇಷ್ಟು ಸಾಲ್ದು."

"ಲೇ ಆರ್ಮಿನ್," ಎಂದು ಫೆಲೆಕಿ ತಗ್ಗಿದ ದನಿಯಲ್ಲಿ, "ಏನ್ಲಾ ಆಗಿದೆ ನಿಂಗೆ? ಮುದುಕಂಗೆ ರೈಲಿದೆ. ಕೈ ಕೊಟ್ಟು ಕಳ್ಸು. ಚಪ್ಪಾಳೆ ನಾವು ಇಲ್ಲೇ ಹೊಡೀತೀವಿ."

ಆಗಲೂ ಹೇಳಬಹುದಿತ್ತು. ಬಾಯೊಳಗಿನ ಆ ವಾಕ್ಯ ಇನ್ನೂ ಹಾಗೇ ಕಟ್ಟಿಕೊಂಡಿತ್ತು. ಅದನ್ನು ಹೇಳಿದ್ದರೆ ಹವಾಶ್ ನಗುತ್ತಿದ್ದ, ಸಮ ಎಂದು ಇಬ್ಬರೂ ಕೈಕುಲುಕುತ್ತಿದ್ದರು, ಮುದುಕ ರೈಲು ಹಿಡಿಯುತ್ತಿದ್ದ. ರುಸ್ನಾಕ್ ಅದನ್ನೆಲ್ಲ ಸ್ಪಷ್ಟವಾಗಿ ಕಂಡ, ಹಲಗೆಯ ಮೇಲಿನ ಮೂರು ನಡೆಯ ಹಾಗೆ. ಕಂಡೂ ಹೇಳಲಿಲ್ಲ. ಅವಮಾನ ಒಂದು ಕಾರಣ, ಅದನ್ನು ಅವನು ತನ್ನೊಳಗೆ ಅಲ್ಲಗಳೆಯಲಿಲ್ಲ. ಆದರೆ ಅದರ ಅಡಿಯಲ್ಲಿ, ಸೋಸುವ ಕಾಗದದ ಮೇಲೆ ಉಳಿದ ಗಸಿಯಂತೆ, ಇನ್ನೊಂದಿತ್ತು: ಬರೆಯದ ನಡೆಯಿಂದ ಗೆಲ್ಲುವುದು ಬೇಡ, ಬರೆದ ನಡೆಯಿಂದ ಎರಡನೆಯವನಾಗುವುದೂ ಬೇಡ. ಬರೆದ ನಡೆಯಿಂದಲೇ ಗೆಲ್ಲಬೇಕು. ಅದು ಸಾಧ್ಯವಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅದು ಒಂದು ಇಂಚು ಕದಲಲಿಲ್ಲ. ಇಷ್ಟು ಗಟ್ಟಿಯಾದದ್ದು ತನ್ನೊಳಗೆ ಎಲ್ಲಿತ್ತು, ಮಧ್ಯಾಹ್ನ ಒಂದು ಐವತ್ತೆಂಟಕ್ಕೆ ಅದು ಎಲ್ಲಿ ಹೋಗಿತ್ತು ಎಂದು ಆಶ್ಚರ್ಯಪಟ್ಟ.

ನಾಲ್ಕೂವರೆಗೆ ಡಾಕ್ಟರ್ ಮೆರೇನ್ಯಿ ಲಕೋಟೆಯ ಅಂಚನ್ನು ಚಾಕುವಿನಿಂದ ಕತ್ತರಿಸಿದರು. ಮೇಲಿನ ಸಭಾಂಗಣದಲ್ಲಿ ಎಂಬತ್ತು ತೊಂಬತ್ತು ಜನ. ನೋಡುವವರನ್ನು ತಡೆಯಲು ಕಟ್ಟಿದ್ದ ಹಗ್ಗದ ಆಚೆ ಫೆಲೆಕಿ ಟಿಪ್ಪಣಿ ಪುಸ್ತಕ ಹಿಡಿದಿದ್ದ. ಹವಾಶ್ ಕೋಟು ಬಿಚ್ಚಿರಲಿಲ್ಲ, ಕುರ್ಚಿಯ ತುದಿಯಲ್ಲಿ ಕುಳಿತಿದ್ದ, ರಟ್ಟಿನ ಪೆಟ್ಟಿಗೆ ಕಾಲ ಬಳಿ. ಪಂಚರು ಚೀಟಿ ಓದಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು, ಬಿಳಿಯ ರಾಜನನ್ನು ಎತ್ತಿ ಒಂದು ಮನೆ ಹಿಂದಕ್ಕೆ ಇಟ್ಟು ಗಡಿಯಾರ ಒತ್ತಿದರು. ಹಗ್ಗದ ಆಚೆಯಿಂದ ಬಂದದ್ದು ಸದ್ದಲ್ಲ, ಸದ್ದು ನಿಂತದ್ದು. ರುಸ್ನಾಕ್ ಹಲಗೆಯ ಮೇಲೇ ಕಣ್ಣಿಟ್ಟಿದ್ದ. ಕಿವಿಯ ಹಿಂದಿನ ಚರ್ಮ ಬಿಸಿಯಾಗುತ್ತಿತ್ತು. ಫೆಲೆಕಿ ಪೆನ್ಸಿಲನ್ನು ಪುಸ್ತಕದ ಮೇಲೆ ಇಟ್ಟ. ಆ ಸಣ್ಣ ಟಕ್ ಎನ್ನುವ ಸದ್ದು ಅಷ್ಟು ದೂರದಿಂದ ಕೇಳಿಸಲು ಸಾಧ್ಯವಿರಲಿಲ್ಲ, ಕೇಳಿಸಿತು.

ಹವಾಶ್ ಬಹಳ ಹೊತ್ತು ಹಲಗೆ ನೋಡಿದ. ಆಮೇಲೆ ರುಸ್ನಾಕ್‌ನನ್ನು ನೋಡಿದ. ಮುಖದಲ್ಲಿ ಮೊದಲು ಬಂದದ್ದು ಕರುಣೆ, ಅದನ್ನು ರುಸ್ನಾಕ್ ತಡೆದುಕೊಳ್ಳಬಲ್ಲವನಾಗಿದ್ದ. ಅದರ ಹಿಂದೆ ಬಂದದ್ದು ಕೋಪ. "ಅಯ್ಯೋ ಹುಚ್ಚಪ್ಪಾ," ಎಂದು ಪಿಸುಗುಟ್ಟಿದ. "ಇದನ್ನ ಕೆಳಗೇ ಹೇಳೋಕೆ ಬಾಯಿ ಇರ್ಲಿಲ್ವಾ? ಸರಿ. ಸಮ. ಕೈ ಕೊಡು, ಇನ್ನೂ ಸಿಗತ್ತೆ ರೈಲು."

"ಇಲ್ಲ ಮಾಮ."

"ಏನು ಇಲ್ಲ?"

"ಆಡೋಣ."

"ಇಲ್ಲಿ ಏನೂ ಇಲ್ಲ ಕಣೋ. ನಿನಗೂ ಗೊತ್ತು, ನನಗೂ ಗೊತ್ತು."

"ಒಂದು ಕಾಲಾಳು ಜಾಸ್ತಿ ಇದೆ ನಂದು."

"ಆಮೇಲೆ ಇರೋದು ಎಂಟೂ ನಲವತ್ತರ ಪ್ಯಾಸೆಂಜರು. ಕಂಡ ಕಂಡ ಹಳ್ಳೀಲಿ ನಿಂತ್ಕೊಂಡು ಹಾಲಿನ ಕ್ಯಾನು ಹತ್ತಿಸ್ಕೊಳ್ಳತ್ತೆ. ಅಷ್ಟು ಹೊತ್ತಿಗೆ ಹುಟ್ಟೋದು ಹುಟ್ಟಿರತ್ತೆ, ಸಾಯೋದು ಸತ್ತಿರತ್ತೆ."

"ಮಾತು ಬೇಡ, ಮಹನೀಯರೇ," ಎಂದರು ಡಾಕ್ಟರ್ ಮೆರೇನ್ಯಿ. ಹವಾಶ್ ಬಿಟ್ಟುಕೊಡಬಹುದಿತ್ತು, ಅವನೂ ಬಿಟ್ಟುಕೊಡಲಿಲ್ಲ. ಗೆದ್ದವನಿಗೆ ಕೊಡಲು ಒಪ್ಪಿದ್ದನ್ನು ಗೆಲ್ಲದವನಿಗೆ ಕೊಡಲು ಅವನಿಂದಾಗಲಿಲ್ಲ. ನಲವತ್ತು ವರ್ಷದ ಅಭ್ಯಾಸ.

ಐದೂ ಹತ್ತರವರೆಗೆ ಮುದುಕ ಗೋಡೆಯ ಗಡಿಯಾರ ನೋಡುತ್ತಲೇ ಇದ್ದ, ಕಾಯಿಗಳನ್ನು ಸಿಟ್ಟಿನಿಂದ ಕುಕ್ಕುತ್ತಿದ್ದ, ಒಂದೆರಡು ಕಡೆ ಸಡಿಲವಾಗಿಯೂ ಆಡಿದ. ಐದೂ ಹತ್ತಾಯಿತು. ಹವಾಶ್ ಎದ್ದು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಕೂತು, ಮೊಣಕೈ ಊರಿದ. ಅಲ್ಲಿಂದ ಅವನು ನಿಜವಾಗಿ ಕಾಪಾಡಿಕೊಳ್ಳತೊಡಗಿದ. ಹೋಗಬೇಕಾದ ಕಡೆಯೆಲ್ಲ ಇಲ್ಲವಾದವನ ಆಟ. ಚೆಕ್, ಇನ್ನೊಂದು ಚೆಕ್, ಒಂದು ಕಾಲಾಳಿಗೆ ಒಂದು ಕಾಲಾಳು. ಆರು ಗಂಟೆಗೆ ಸಭಾಂಗಣದ ಅರ್ಧ ಖಾಲಿಯಾಯಿತು. ಫೆಲೆಕಿ ಒಂದು ಸಲ ಕೆಳಗೆ ಹೋಗಿ ಬಂದ, ಬಂದವನು ಬಾಗಿಲ ಬಳಿಯೇ ನಿಂತ. ಏಳು ಗಂಟೆಗೆ ಹಲಗೆಯ ಮೇಲೆ ಐದೇ ಕಾಯಿ: ಎರಡು ರಾಜ, ಎರಡು ಆನೆ, ರುಸ್ನಾಕ್‌ನದೊಂದು ಕಾಲಾಳು. ಕಾಲಾಳಿಲ್ಲದವನು ಇಂಥ ಸ್ಥಿತಿಯನ್ನು ಹೇಗೆ ಉಳಿಸಿಕೊಳ್ಳಬೇಕು ಎನ್ನುವುದು ರುಸ್ನಾಕ್‌ಗೆ ಬಾಯಿಗೆ ಬರುತ್ತಿತ್ತು. ಕಲಿಸಿದವನು ಎದುರಿಗೇ ಇದ್ದ. ಇಪ್ಪತ್ತು ವರ್ಷದ ಹಿಂದೆ, ಕೆಳಗಿನ ಕಾಫಿ ಅಂಗಡಿಯ ಮೂಲೆ ಮೇಜು, ಗಡ್ಡ ಇನ್ನೂ ಕರಿ, ಸಕ್ಕರೆ ತುಂಡುಗಳನ್ನು ಕಾಲಾಳಾಗಿ ಇಟ್ಟುಕೊಂಡು: 'ನೋಡು ಮಗೂ, ಕಾಲಾಳಿನ ಒಂದು ಪಕ್ಕಕ್ಕೆ ಎರಡು ಸಾಲು, ಇನ್ನೊಂದು ಪಕ್ಕಕ್ಕೆ ಐದು. ರಾಜ ಓಡೋದಾದ್ರೆ ಎರಡರ ಕಡೆಗೆ ಓಡ್ಬೇಕು, ಇಕ್ಕಟ್ಟಿಗೆ. ಬಯಲನ್ನ ಆನೆಗೆ ಬಿಡ್ಬೇಕು. ಭಯ ಆದಾಗ ಮನುಷ್ಯ ಬಯಲಿಗೆ ಓಡ್ತಾನೆ, ಅಲ್ಲೇ ಸಾಯೋದು.' ಸಕ್ಕರೆ ತುಂಡನ್ನು ಬಾಯಿಗೆ ಹಾಕಿಕೊಂಡು ನಕ್ಕಿದ್ದ.

ಏಳು ಗಂಟೆ ಮೂವತ್ತೊಂದು ನಿಮಿಷಕ್ಕೆ ರುಸ್ನಾಕ್‌ನ ಎಂಬತ್ತೊಂಬತ್ತನೆಯ ನಡೆಯ ಸರದಿ ಬಂತು. ಮಾಡಬೇಕಾದದ್ದು ಒಂದೇ. ರಾಜನನ್ನು ಆರನೆಯ ಸಾಲಿಗೆ ಏರಿಸಿ ಚೆಕ್‌ಮೇಟ್‌ನ ಬೆದರಿಕೆ ಹಾಕಬೇಕು. ಆಗ ಹವಾಶ್‌ನ ರಾಜ ಎಡಕ್ಕೋ ಬಲಕ್ಕೋ ಹೆಜ್ಜೆ ಇಡಲೇಬೇಕು. ಇಕ್ಕಟ್ಟಿನ ಕಡೆಗೆ ಹೋದರೆ ಸಮ. ಬಯಲ ಕಡೆಗೆ ಹೋದರೆ ಸೋಲು. ಹವಾಶ್ ಇಕ್ಕಟ್ಟಿಗೇ ಹೋಗುತ್ತಾನೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅಲ್ಲಿಗೇ ಹೋಗುತ್ತಾನೆ. ರುಸ್ನಾಕ್ ರಾಜನ ಕಡೆಗೆ ಕೈ ಚಾಚಿದ. ಹವಾಶ್‌ನ ಕಣ್ಣು ಆಗ ಗೋಡೆಯ ಗಡಿಯಾರಕ್ಕೆ ಹೋಯಿತು. ಎರಡೂ ಕಾಲು ಗಂಟೆಯ ನಂತರ ಮೊದಲ ಸಲ. ಎಂಟೂ ನಲವತ್ತರ ಪ್ಯಾಸೆಂಜರು. ಪಶ್ಚಿಮ ನಿಲ್ದಾಣಕ್ಕೆ ಟ್ರಾಮಿನಲ್ಲಿ ಇಪ್ಪತ್ತು ನಿಮಿಷ, ಟಿಕೆಟ್ಟಿಗೆ ಹತ್ತು. ಮುದುಕ ಲೆಕ್ಕ ಹಾಕುತ್ತಿದ್ದ, ತುಟಿ ಅಲ್ಲಾಡುತ್ತಿತ್ತು.

ರುಸ್ನಾಕ್ ಕೈಯನ್ನು ಹಿಂದಕ್ಕೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಅವನ ಗಡಿಯಾರದಲ್ಲಿ ಕಾಲ ಬೇಕಾದಷ್ಟಿತ್ತು. ನಿಯಮ ಕೊಟ್ಟ ಕಾಲ, ಕಳ್ಳತನದ್ದಲ್ಲ. ಅವನು ಹಲಗೆ ನೋಡುತ್ತ ಕುಳಿತ. ಯೋಚಿಸುವವನಂತೆ ಹಣೆಗೆ ಕೈ ಕೊಟ್ಟಿರಲಿಲ್ಲ, ಅಷ್ಟು ನಾಟಕ ಬೇಡವೆನಿಸಿತು, ಸುಮ್ಮನೆ ಕುಳಿತ. ಐದು ನಿಮಿಷಕ್ಕೆ ಹವಾಶ್ ಕಾಲು ಬದಲಿಸಿದ. ಹತ್ತು ನಿಮಿಷಕ್ಕೆ ಕೆಮ್ಮಿದ, ಕೆಮ್ಮು ನಿಲ್ಲಲಿಲ್ಲ, ನೀರು ತರಿಸಿದರು. ಡಾಕ್ಟರ್ ಮೆರೇನ್ಯಿ ಹಲಗೆ ನೋಡಿ, ರುಸ್ನಾಕ್‌ನನ್ನು ನೋಡಿ, ಇಲ್ಲಿ ಏನಿದೆ ಎಂದು ಹುಬ್ಬು ಗಂಟು ಹಾಕಿದರು. ಸೆಗೆಡ್‌ನ ಒಂದು ಓಣಿ, ಮುಚ್ಚಿದ ಬಾಗಿಲು, ಕುದಿಯುವ ನೀರಿನ ಹಂಡೆ, ಅಡ್ಡ ತಿರುಗಿದ ಮಗು; ರುಸ್ನಾಕ್ ಅದನ್ನೆಲ್ಲ ತನ್ನ ಮನಸ್ಸಿನಿಂದ ದೂರ ಇಡಲಿಲ್ಲ, ಒಂದೊಂದನ್ನೂ ಇದ್ದ ಜಾಗದಲ್ಲೇ ಇಟ್ಟುಕೊಂಡು ನೋಡಿದ. ಲಕೋಟೆಯನ್ನು ಒಡೆಸಿದ ಮನುಷ್ಯನೂ ಈಗ ಕೈ ಕಟ್ಟಿ ಕುಳಿತ ಮನುಷ್ಯನೂ ಒಬ್ಬನೇ ಎನ್ನುವುದು ಅವನಿಗೆ ವಿಚಿತ್ರವಾಗಿ ಕಾಣಲಿಲ್ಲ, ಅದೊಂದೇ ವಿಚಿತ್ರವಾಗಿತ್ತು. ಹದಿನೈದು. ಮಂಜೇನೂ ಇರಲಿಲ್ಲ. ಎಲ್ಲ ಕೊನೆಯವರೆಗೂ ಕಾಣುತ್ತಿತ್ತು. ಇಪ್ಪತ್ತಕ್ಕೆ ಹವಾಶ್ ಬಗ್ಗಿ ರಟ್ಟಿನ ಪೆಟ್ಟಿಗೆಯ ಹಗ್ಗ ಸರಿಮಾಡಿದ, ಕೋಟನ್ನು ಕುರ್ಚಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡ. "ಆಡೋ," ಎಂದ, ಬಹಳ ಮೆಲ್ಲಗೆ, ಬೈಗುಳವೂ ಅಲ್ಲದ ಬೇಡಿಕೆಯೂ ಅಲ್ಲದ ದನಿಯಲ್ಲಿ. "ಆಡೋ ಮಗೂ."

ರುಸ್ನಾಕ್ ಇನ್ನೂ ಸ್ವಲ್ಪ ಹೊತ್ತು ಕುಳಿತ. ಆಮೇಲೆ ರಾಜನನ್ನು ಆರನೆಯ ಸಾಲಿಗೆ ಇಟ್ಟು ಗಡಿಯಾರ ಒತ್ತಿದ. ಒಂದು ತೋಳು ಆಗಲೇ ಕೋಟಿನೊಳಗಿದ್ದ ಹವಾಶ್ ಇನ್ನೊಂದು ಕೈಯಿಂದ ತನ್ನ ರಾಜನನ್ನು ಥಟ್ಟನೆ ತೆಗೆದು ಬಯಲ ಕಡೆಗೆ ಇಟ್ಟ. ಬೆರಳು ಕಾಯಿಯಿಂದ ಬಿಟ್ಟ ಮೇಲೆ ಅಲ್ಲೇ ಗಾಳಿಯಲ್ಲಿ ನಿಂತಿತು. ತಾನು ಮಾಡಿದ್ದನ್ನು ಅವನು ಕಂಡುಕೊಂಡ. ಮುಂದಿನ ಒಂಬತ್ತು ನಡೆಗಳನ್ನು ಇಬ್ಬರೂ ಬೇಗ ಬೇಗ ಆಡಿದರು. ಎಂಟು ಗಂಟೆ ಏಳು ನಿಮಿಷಕ್ಕೆ ಮುದುಕ ರಾಜನನ್ನು ಮಲಗಿಸಿ, ಚೀಟಿಗೆ ಸಹಿ ಹಾಕಿ, ಪೆಟ್ಟಿಗೆ ಎತ್ತಿಕೊಂಡ. ಈ ಸಲ ಕೈ ಚಾಚಿದ್ದು ರುಸ್ನಾಕ್. ಹವಾಶ್ ಅದನ್ನು ಹಿಡಿದ, ಅಭ್ಯಾಸದಂತೆ ಎರಡು ಸಲ ಅಲ್ಲಾಡಿಸಿದ, "ಚೆನ್ನಾಗಿ ಕಲಿತಿದ್ದೀಯ," ಎಂದು ಮೆಟ್ಟಿಲ ಕಡೆ ಓಡಿದ. ಓಡುವಾಗ ಕೋಟಿನ ಖಾಲಿ ತೋಳು ನೆಲದ ಮೇಲೆ ಎಳೆಯುತ್ತಿತ್ತು.

ಇದ್ದ ಹತ್ತಿಪ್ಪತ್ತು ಜನ ಚಪ್ಪಾಳೆ ತಟ್ಟಿದರು. ಒಜೋಲ್ಸ್ ಬಂದು, ಸೊಂಟ ಬಗ್ಗಿಸಿ, ಜರ್ಮನ್ನಿನಲ್ಲಿ ಅಭಿನಂದಿಸಿ, ಚಿತ್ರಕ್ಕೆಂದು ಪಕ್ಕದಲ್ಲಿ ನಿಂತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬೆಳಕು ಮಿಂಚಿ ಆರಿತು. ಹನ್ನೆರಡು ಅಂಕ, ಮೊದಲನೆಯ ಸ್ಥಾನ. ರುಸ್ನಾಕ್ ಅದನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡ, ಸರಿಯಾಗಿತ್ತು. ಫೆಲೆಕಿ ಹಗ್ಗ ದಾಟಿ ಬಂದು ಪಂಚರ ಮೇಜಿನಲ್ಲಿ ಬಗ್ಗಿ ಆಟವನ್ನು ತನ್ನ ಪುಸ್ತಕಕ್ಕೆ ನಕಲು ಮಾಡಿಕೊಳ್ಳುತ್ತಿದ್ದ. ನಡೆ, ಅದರ ಮುಂದೆ ಕಾಲ, ನಡೆ, ಕಾಲ. ಒಂದು ಕಡೆ ಪೆನ್ಸಿಲು ನಿಂತಿತು.

"ಎಂಬತ್ತೊಂಬತ್ತು," ಎಂದ, ತಲೆಯೆತ್ತದೆ. "ಜನ ಕೇಳ್ತಾರೆ ಆರ್ಮಿನ್. ಇಲ್ಲಿ ಏನು ನೋಡ್ತಿದ್ದೆ ಅಂತ ಬರೀಲಿ?"

"ಏನೂ ಬರೀಬೇಡ. ಕಾಲ ಎಷ್ಟಿದೆಯೋ ಅಷ್ಟು ಬರಿ."

ಫೆಲೆಕಿ ಅವನನ್ನು ಒಂದು ಕ್ಷಣ ನೋಡಿದ. ಆಮೇಲೆ ಪಂಚರ ಹಾಳೆಯ ಮೇಲೆ ಬೆರಳಿಟ್ಟು, ಅಂಕಿಯನ್ನು ತಪ್ಪಿಲ್ಲದಂತೆ ಇಳಿಸಿಕೊಂಡ: ಇಪ್ಪತ್ತಾರು ನಿಮಿಷ.